ನಿಂತಾಗ ಮನೆ, ಓಡುವಾಗ ಸರಕು

ಪುಷ್ಯ ಮಾಸದ ಬನದ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಮಳವಳ್ಳಿ, ತಿರುಮಕೂಡಲು ನರಸೀಪುರ, ಯಳಂದೂರುಗಳ ಕಡೆಯಿಂದ ಕೊಳ್ಳೇಗಾಲದತ್ತ ಸಾಗುವ ರಸ್ತೆಗಳಲ್ಲಿ ಒಂದು ವಿಶಿಷ್ಟ ವಾಹನ ಕಾಣಿಸಿಕೊಳ್ಳುತ್ತದೆ. ಮುಂದೆ ಎಂದಿನ ಟ್ರ್ಯಾಕ್ಟರ್. ಹಿಂದೆ, ಮೊನ್ನೆಯವರೆಗೆ ಗೊಬ್ಬರವನ್ನೋ ಕಬ್ಬನ್ನೋ ಇಟ್ಟಿಗೆಯನ್ನೋ ಹೊತ್ತಿದ್ದ ಟ್ರೇಲರ್. ಆದರೆ ಈಗ ಅದಕ್ಕೆ ಕಮಾನು ಬಂದಿದೆ, ಕಮಾನಿನ ಮೇಲೆ ನೀಲಿ ಟಾರ್ಪಾಲು ಬಂದಿದೆ, ಟಾರ್ಪಾಲಿನ ಕೆಳಗೆ ಹುಲ್ಲು, ಜಮಖಾನ, ಕೌದಿ, ಅಕ್ಕಿ ಮೂಟೆ, ಸೌದೆ ಕಟ್ಟು, ನೀರಿನ ಡ್ರಮ್ಮು, ತಟ್ಟೆ ಪಾತ್ರೆಗಳ ಗೋಣಿ ಸೇರಿಕೊಂಡಿವೆ. ಇವೆಲ್ಲದರ ನಡುವೆ, ಮೇಲೆ ಮತ್ತು ಅಂಚಿನಲ್ಲಿ ಹತ್ತು ಹದಿನೈದು ಮಂದಿ ಕುಳಿತಿರುತ್ತಾರೆ. ಇವರು ಚಿಕ್ಕಲ್ಲೂರಿಗೆ, ಸಿದ್ದಪ್ಪಾಜಿಯ ಜಾತ್ರೆಗೆ ಹೊರಟವರು. ಚಂದ್ರಮಂಡಲೋತ್ಸವದಿಂದ ಮುತ್ತತ್ತಿರಾಯನ ಸೇವೆಯವರೆಗೆ ಐದು ದಿನ ಆ ಟ್ರೇಲರೇ ಅವರ ಮನೆ.

ಅಮೆರಿಕ ಮತ್ತು ಯೂರೋಪುಗಳಲ್ಲಿ ಸರಕು ಸಾಗಿಸುವ ಟ್ರೇಲರನ್ನು ಕೊಂಡು, ರಜೆಯ ದಿನಗಳಲ್ಲಿ ಮನೆಯಂಗಳದಲ್ಲೇ ಮಂಚ, ಒಲೆ, ಕಪಾಟು ಜೋಡಿಸಿ ಪ್ರವಾಸದ ಬಿಡಾರವಾಗಿ ಮಾರ್ಪಡಿಸಿಕೊಳ್ಳುವುದು ಒಂದು ಜನಪ್ರಿಯ ಹವ್ಯಾಸ. ನಮ್ಮ ವಿದ್ಯಾವಂತ ವರ್ಗ ಅದನ್ನು ಪರದೆಯ ಮೇಲೆ ನೋಡಿ ಮೆಚ್ಚಿಕೊಳ್ಳುತ್ತದೆ. ಅದೇ ಕೆಲಸವನ್ನು ಕೊಳ್ಳೇಗಾಲ ಸೀಮೆಯ ರೈತ ಯಾವ ಮಾರ್ಗದರ್ಶಿಯೂ ಇಲ್ಲದೆ, ಅತ್ಯಲ್ಪ ಖರ್ಚಿನಲ್ಲಿ ಮಾಡುತ್ತ ಬಂದಿದ್ದಾನೆ ಎಂಬುದು ನಮ್ಮ ಗಮನಕ್ಕೆ ಬಂದಿಲ್ಲ. ಬಂದಿದ್ದರೆ ಅದು ಪೊಲೀಸು ತನಿಖೆಯ ಸಂದರ್ಭದಲ್ಲಿ, ಇಲ್ಲವೇ ಅಪಘಾತದ ಸುದ್ದಿಯಾಗಿ.

ಮಾರ್ಪಾಟಿನ ವಿಧಾನ ಸರಳವಾದದ್ದು, ಆದರೆ ವಿವೇಚನೆಯಿಂದ ಕೂಡಿದ್ದು. ಸಾಮಾನ್ಯ ಟ್ರೇಲರಿನ ತೊಟ್ಟಿ ಸುಮಾರು 10 ಅಡಿ ಉದ್ದ, 6 ಅಡಿ ಅಗಲ. ಅಂದರೆ 60 ಚದರ ಅಡಿ; ನಗರದ ಮಧ್ಯಮ ವರ್ಗದ ಮನೆಯ ಸ್ನಾನದ ಕೋಣೆಗಿಂತ ಸ್ವಲ್ಪ ದೊಡ್ಡದು. ಬದಿಯ ಹಲಗೆಗಳಿಗೆ ಬೆಸುಗೆ ಹಾಕಿದ ಕೊಳವೆಯ ತುಂಡುಗಳಲ್ಲಿ ಬಗ್ಗಿಸಿದ ಕಬ್ಬಿಣದ ಪೈಪನ್ನು ಸಿಕ್ಕಿಸಿದರೆ ಕಮಾನು ಸಿದ್ಧ. ಕೊಳವೆ ಇಲ್ಲದವರು ಬಿದಿರ ಗಳಗಳನ್ನು ಬಗ್ಗಿಸಿ ಹಗ್ಗದಿಂದ ಬಿಗಿಯುತ್ತಾರೆ. ಕೊಳ್ಳೇಗಾಲದ ಹೊರವಲಯದ ಬೆಸುಗೆ ಅಂಗಡಿಯೊಂದರಲ್ಲಿ ಈ ಕೆಲಸವನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ನಾಲ್ಕು ಜನ ಸೇರಿದರೆ ಇಡೀ ಮೇಲ್ಕಟ್ಟನ್ನು ಎತ್ತಿ ಕೆಳಗಿಡಬಹುದು. ಜಾತ್ರೆ ಮುಗಿದ ಮಾರನೆಯ ದಿನವೇ ಟ್ರೇಲರ್ ಮತ್ತೆ ಗೊಬ್ಬರ ಹೊರಬೇಕಲ್ಲ! ತೊಟ್ಟಿಯ ಅರ್ಧ ಎತ್ತರದಲ್ಲಿ ಅಡ್ಡಹಲಗೆಗಳನ್ನು ಹಾಸಿ ಅಟ್ಟ ಮಾಡಿಕೊಳ್ಳುವವರೂ ಇದ್ದಾರೆ. ಅಟ್ಟದ ಕೆಳಗೆ ಸಾಮಾನು, ಮೇಲೆ ಹೆಂಗಸರು ಮಕ್ಕಳು ಮಲಗುತ್ತಾರೆ. ಗಂಡಸರಿಗೆ ಟ್ರೇಲರಿನ ಅಡಿಯ ನೆಲವೇ ಹಾಸಿಗೆ.

ಅಂಗಡಿಯವರು ಹೇಳಿದ ಒಂದು ಮಾತು ನೆನಪಿನಲ್ಲಿ ಉಳಿದಿದೆ: ‘ಟಾರ್ಪಾಲು ಹಿಂದೂ ಮುಂದೂ ಮುಚ್ಚಬಾರದು ಸ್ವಾಮಿ, ಬೆಳಗಾಗುವಾಗ ಒಳಗೇ ಮಳೆ ಬಂದಿರ್ತದೆ.’ ಜನವರಿಯ ರಾತ್ರಿಯಲ್ಲಿ ಹತ್ತು ಜನರ ಉಸಿರಿನ ತೇವ ತಣ್ಣನೆಯ ಟಾರ್ಪಾಲಿಗೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಪಾಶ್ಚಾತ್ಯ ಹವ್ಯಾಸಿಗಳು ಮುಚ್ಚಿದ ತಗಡಿನ ಟ್ರೇಲರುಗಳಲ್ಲಿ ಎದುರಿಸುವ ಮೊದಲ ತೊಂದರೆಯೂ ಇದೇ. ಅವರು ಉಷ್ಣನಿರೋಧಕ ಹಾಳೆಗಳಿಗೂ ಗಾಳಿಯಂತ್ರಗಳಿಗೂ ಸಾಕಷ್ಟು ಹಣ ಸುರಿಯುತ್ತಾರೆ. ನಮ್ಮವರು ತಣ್ಣನೆಯ ತಗಡಿನ ನೆಲಕ್ಕೆ ಒಂದು ಗೇಣು ಭತ್ತದ ಹುಲ್ಲು ಹಾಸುತ್ತಾರೆ, ಎರಡು ತುದಿಗಳನ್ನು ತೆರೆದಿಡುತ್ತಾರೆ.

ಈ ಕೌಶಲ್ಯ ಟ್ರ್ಯಾಕ್ಟರಿನೊಡನೆ ಹುಟ್ಟಿದ್ದಲ್ಲ. ಇದರ ಹಿಂದೆ ಕಮಾನುಗಾಡಿಯ ದೀರ್ಘ ಪರಂಪರೆಯಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲಿತ್ತು. ಆಡಳಿತದ ಈ ಗಡಿಗಳು ಜಾತ್ರೆಯ ಗಾಡಿಗಳನ್ನು ತಡೆದಂತೆ ಕಾಣುವುದಿಲ್ಲ. ಬಿದಿರಿನ ಕಮಾನು, ಅದರ ಮೇಲೆ ಚಾಪೆ, ಒಳಗೆ ಹುಲ್ಲಿನ ಮೆತ್ತೆ, ಅಚ್ಚಿನ ಕೆಳಗೆ ತೂಗುವ ಲಾಂದ್ರ. ಬಿಡಾರ ಹೂಡಿದ ಮೇಲೆ ಎತ್ತುಗಳನ್ನು ಬಿಚ್ಚಿ ನೊಗವನ್ನು ಊರುಗೋಲಿಗೆ ಆನಿಸಿದರೆ ಗಾಡಿ ಮಟ್ಟಸವಾಗಿ ನಿಂತು ಮನೆಯಾಗುತ್ತಿತ್ತು. ಮರದ ಚಕ್ರ ಹೋಗಿ ಟೈರುಗಾಡಿ ಬಂತು, ಟೈರುಗಾಡಿ ಹೋಗಿ ಟ್ರೇಲರ್ ಬಂತು. ಕಮಾನು ಮಾತ್ರ ಬದಲಾಗಲಿಲ್ಲ. ವ್ಯತ್ಯಾಸವಾದದ್ದು ವೇಗದಲ್ಲಿ ಮತ್ತು ತೂಕದಲ್ಲಿ. ಇಂದಿನ ಸಮಸ್ಯೆಯ ಬೇರು ಇರುವುದು ಅಲ್ಲಿಯೇ.

ಚಿಕ್ಕಲ್ಲೂರಿನ ದೈವಕ್ಕೂ ಕಬ್ಬಿಣದ ಕೆಲಸಕ್ಕೂ ಹತ್ತಿರದ ನಂಟು ಇರುವುದು ಇಲ್ಲಿ ನೆನೆಯತಕ್ಕ ಸಂಗತಿ. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಮೂಲತಃ ಕಮ್ಮಾರರ ಮನೆಯ ಕೆಂಪಾಚಾರಿ. ಗುರುವಿನ ಆಣತಿಯಂತೆ ಆತ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದ ಪ್ರಸಂಗ ಆ ಕಾವ್ಯದ ಅತ್ಯಂತ ಪ್ರಸಿದ್ಧ ಭಾಗಗಳಲ್ಲೊಂದು. (ಜಾತ್ರೆಯ ನಾಲ್ಕನೆಯ ದಿನದ ಪಂಕ್ತಿಸೇವೆ, ಅಲ್ಲಿನ ಮಾಂಸದಡುಗೆ, ಪ್ರಾಣಿಬಲಿ ನಿಷೇಧ ಕಾಯ್ದೆ ಇವುಗಳ ಸುತ್ತಲಿನ ವಿವಾದ ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ, ಇಲ್ಲಿ ಅದನ್ನು ಎತ್ತಿಕೊಳ್ಳುವುದಿಲ್ಲ.)

ಈಗ ಕಾನೂನಿನ ಮಾತಿಗೆ ಬರೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕೃಷಿ ಟ್ರೇಲರಿಗೆ ಒಂದು ವ್ಯಾಖ್ಯೆ ಕೊಟ್ಟಿವೆ. ಅದರ ಸಾರ ಇಷ್ಟು: ಸಾಮಾನ್ಯವಾಗಿ ಮೇಲ್ಮುಚ್ಚಿಗೆ ಇಲ್ಲದ, ಒಂದು ಅಥವಾ ಎರಡು ಅಚ್ಚುಗಳ, ಎರಡು ಕೊಕ್ಕೆಗಳ ಮೂಲಕ ಕೃಷಿ ಟ್ರ್ಯಾಕ್ಟರಿಗೆ ಜೋಡಿಸುವ, ಪ್ರಧಾನವಾಗಿ ಕೃಷಿ ಸಾಮಗ್ರಿ ಸಾಗಿಸಲು ಬಳಸುವ ವಾಹನ. ಮುಚ್ಚಿಗೆ ಇಲ್ಲದ್ದು ಎಂಬ ಮಾತು ವ್ಯಾಖ್ಯೆಯಲ್ಲೇ ಇದೆ ಎಂಬುದನ್ನು ಗಮನಿಸಬೇಕು. ‘ಸಾಮಾನ್ಯವಾಗಿ’ ಎಂಬ ವಿಶೇಷಣವೂ ಇದೆ ಎಂಬುದನ್ನೂ ಅಷ್ಟೇ ಗಮನಿಸಬೇಕು. ನಿಯಮ ರಚಿಸಿದವರು ಅಪರೂಪದ ಮುಚ್ಚಿಗೆಗೆ ಒಂದು ಕಿಂಡಿ ಬಿಟ್ಟಿದ್ದಾರೆ. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸಜೆ, ಇಲ್ಲವೇ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಾಯಿತು.

ನನ್ನ ಅಭಿಪ್ರಾಯದಲ್ಲಿ ನಾಲ್ಕು ಜನ ಎತ್ತಿಡಬಹುದಾದ ಕಮಾನು ವಾಹನದ ಮಾರ್ಪಾಟು ಅಲ್ಲ, ಅದು ವಾಹನ ಹೊತ್ತ ಹೊರೆ. ಹುಲ್ಲು ಹೇರಲು ಕಟ್ಟುವ ಗಳಗಳಿಗೂ ಅದಕ್ಕೂ ತಾತ್ವಿಕ ಭೇದವಿಲ್ಲ. ಸಾರಿಗೆ ಇಲಾಖೆ ಒಂದು ಸುತ್ತೋಲೆಯ ಮೂಲಕ ಇಷ್ಟನ್ನು ಸ್ಪಷ್ಟಪಡಿಸಿದರೆ ರಸ್ತೆಬದಿಯ ಅರ್ಧ ಜಗಳ ನಿಲ್ಲುತ್ತದೆ. ಆದರೆ ಉಳಿದರ್ಧ, ಅಂದರೆ ಒಳಗೆ ಕುಳಿತ ಜನ, ಸುತ್ತೋಲೆಯಿಂದ ಬಗೆಹರಿಯುವಂಥದ್ದಲ್ಲ, ಬಗೆಹರಿಯಲೂ ಬಾರದು.

ಯಾಕೆಂದರೆ ಟ್ರ್ಯಾಕ್ಟರ್ ಮತ್ತು ಟ್ರೇಲರಿನ ಜೋಡಿ ಜನರನ್ನು ಹೊರಲು ನಿರ್ಮಿತವಾದದ್ದಲ್ಲ. ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು. ತುಂಬಿದ ಟ್ರೇಲರ್ ಅದರ ಎರಡರಷ್ಟು ತೂಗಬಹುದು. ಟ್ರೇಲರಿಗೆ ಬಹುತೇಕ ಸ್ವಂತ ಬ್ರೇಕ್ ಇರುವುದಿಲ್ಲ. ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ, ಅದೂ ಬೇರೆ ಬೇರೆ ಪೆಡಲಿನಲ್ಲಿ. ಉಳುವಾಗ ಸಾಲಿನ ತುದಿಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಅದು ಅನುಕೂಲ. ರಸ್ತೆಗೆ ಬಂದಾಗ ಎರಡು ಪೆಡಲುಗಳನ್ನೂ ಕೊಂಡಿ ಹಾಕಿ ಒಂದಾಗಿಸಬೇಕು. ಕೊಂಡಿ ಮರೆತು ಇಳಿಜಾರಿನಲ್ಲಿ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನಿಂದ ಅದರ ಎರಡರಷ್ಟು ತೂಕ ನೂಕುತ್ತಿರುತ್ತದೆ. ಇಟ್ಟಿಗೆಯ ಹೊರೆ ತೊಟ್ಟಿಯ ತಳದಲ್ಲಿ ಅಲುಗದೆ ಕೂತಿರುತ್ತದೆ. ಮನುಷ್ಯರು ಅಟ್ಟದ ಮೇಲೆ ಕೂತಿರುತ್ತಾರೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಭಾರಕೇಂದ್ರ ಮೇಲಕ್ಕೇರಿ ಹೊರಕ್ಕೆ ಸರಿದ ಕ್ಷಣದಲ್ಲಿ ಚಾಲಕನ ಅನುಭವ ಎಷ್ಟಿದ್ದರೂ ನೆರವಿಗೆ ಬಾರದು. ಮಲೆ ಮಹದೇಶ್ವರ ಬೆಟ್ಟದ ರಸ್ತೆಯನ್ನು ತಾಳಬೆಟ್ಟದಿಂದ ಮೇಲಕ್ಕೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಉತ್ತರ ಪ್ರದೇಶದ ಎರಡು ದುರಂತಗಳು ಎಲ್ಲ ರಾಜ್ಯಗಳಿಗೂ ಪಾಠವಾಗಬೇಕಿತ್ತು. 2022ರ ಅಕ್ಟೋಬರ್ 1ರಂದು ಕಾನ್ಪುರದ ಘಾಟಂಪುರ ಪ್ರದೇಶದಲ್ಲಿ ದೇವಿಯ ದರ್ಶನ ಮುಗಿಸಿ ಮರಳುತ್ತಿದ್ದ ಟ್ರ್ಯಾಕ್ಟರ್ ಟ್ರೇಲರ್ ಕೆರೆಗೆ ಮಗುಚಿತು. 2024ರ ಫೆಬ್ರುವರಿ 24ರಂದು ಕಾಸ್‌ಗಂಜಿನಲ್ಲಿ ಮಾಘ ಹುಣ್ಣಿಮೆಯ ಗಂಗಾಸ್ನಾನಕ್ಕೆ ಹೊರಟ ಇನ್ನೊಂದು ಹಾಗೆಯೇ ಕೆರೆಗೆ ಬಿತ್ತು. ಎರಡರಲ್ಲೂ ತಲಾ 20ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು.

ಇಂಥ ಸಾವಿನ ನಂತರ ಏನಾಗುತ್ತದೆ? ಮಧ್ಯಮ ವರ್ಗದವರಿಗೆ ವಿಮೆ ಎಂಬುದು ಸಹಜವಾಗಿ ನೆನಪಿಗೆ ಬರುವ ಪದ. ಆದರೆ ಸರಕು ವಾಹನದಲ್ಲಿ ಹಾಗೆಯೇ ಹತ್ತಿಕೊಂಡ ಪ್ರಯಾಣಿಕರ ಹೊಣೆ ವಿಮಾ ಕಂಪನಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರ ಕೊನೆಯಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನಿಸಿತು. 2004ರ ಚಿನ್ನಮ್ಮ ಪ್ರಕರಣದಲ್ಲಿ ತರಕಾರಿ ಮಾರಲು ಟ್ರೇಲರಿನಲ್ಲಿ ಹೊರಟು ಸತ್ತ ವ್ಯಾಪಾರಿಯ ವಿಷಯದಲ್ಲೂ, ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರ್ ಸರಕು ಸಾಗಣೆಯ ವಾಹನವಲ್ಲವೆಂದು ವಿಮಾ ಕಂಪನಿಯನ್ನು ಹೊಣೆಯಿಂದ ಬಿಡಿಸಿತು. ಪರಿಣಾಮವಾಗಿ ಪರಿಹಾರದ ಭಾರ ಟ್ರ್ಯಾಕ್ಟರಿನ ಮಾಲೀಕನ ಮೇಲೆ ಬೀಳುತ್ತದೆ. ಆತ ಹೆಚ್ಚಾಗಿ ಸತ್ತವರ ನೆರೆಯವನೋ ನೆಂಟನೋ ಆಗಿರುತ್ತಾನೆ. ಟ್ರ್ಯಾಕ್ಟರಿನ ಸಾಲವೇ ತೀರಿರುವುದಿಲ್ಲ. ಒಂದೇ ಅಪಘಾತ ಎರಡು ಮನೆಗಳನ್ನು ಮುಳುಗಿಸುತ್ತದೆ. ಸೇವೆಯಲ್ಲಿದ್ದಾಗ ಇಂಥ ಕುಟುಂಬಗಳ ಅರ್ಜಿಗಳನ್ನು ಓದಿದ್ದೇನೆ. ಸರ್ಕಾರ ಘೋಷಿಸುವ ಪರಿಹಾರ ಧನ ಬಂದೀತು, ಬಾರದೆಯೂ ಇದ್ದೀತು, ಅದು ಹಕ್ಕಲ್ಲ.

ಹಾಗಾದರೆ ಇಷ್ಟು ಅಪಾಯವಿದ್ದರೂ ಜನ ಯಾಕೆ ಟ್ರೇಲರ್ ಹತ್ತುತ್ತಾರೆ? ಅಜ್ಞಾನದಿಂದ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಬಡತನದಿಂದ ಎಂಬುದು ಅರ್ಧ ಸತ್ಯ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಎರಡು ಬೇಡಿಕೆಗಳು ಹೆಣೆದುಕೊಂಡಿವೆ. ಒಂದು, ಊರಿನಿಂದ ಜಾತ್ರೆಗೆ ತಲಪುವ ಸಾರಿಗೆಯ ಬೇಡಿಕೆ. ಇನ್ನೊಂದು, ತಲಪಿದ ಮೇಲೆ ಐದು ರಾತ್ರಿ ಮಲಗುವ, ಅಡುಗೆ ಮಾಡುವ, ಸಾಮಾನು ಕಾಯ್ದುಕೊಳ್ಳುವ, ಹೆಂಗಸರು ಬಟ್ಟೆ ಬದಲಿಸುವ ಜಾಗದ ಬೇಡಿಕೆ. ಟ್ರೇಲರ್ ಎರಡನ್ನೂ ಒಂದೇ ಖರ್ಚಿನಲ್ಲಿ ಪೂರೈಸುತ್ತದೆ. ನಾವು ನೋಡುವುದು ಮೊದಲನೆಯದನ್ನು ಮಾತ್ರ, ‘ಬಸ್ಸಿದೆಯಲ್ಲ’ ಎನ್ನುತ್ತೇವೆ.

ಬಸ್ಸು ಖಂಡಿತ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಟ್ರೇಲರ್ ಕೇವಲ ಅಗ್ಗದ ಸಾರಿಗೆಯಾಗಿದ್ದರೆ ಆ ದಿನದಿಂದಲೇ ಹೆಂಗಸರು ಅದರಿಂದ ಇಳಿಯಬೇಕಿತ್ತು. ಬೆಲೆ ಸೊನ್ನೆಯಾದರೂ ಜನ ಸಂಪೂರ್ಣವಾಗಿ ಬಸ್ಸಿಗೆ ಬಾರದಿದ್ದರೆ ಅವರಿಗೆ ಬೇಕಾದದ್ದು ಬೇರೇನೋ ಇದೆ ಎಂದರ್ಥ. ಹತ್ತು ಸೇರಿನ ಪಾತ್ರೆ, ಸೌದೆ, ಕೌದಿ, ಹುಂಜಗಳನ್ನು ಬಸ್ಸಿನಲ್ಲಿ ಏರಿಸಲಾಗದು. ಏರಿಸಿದರೂ ಇಳಿದ ಮೇಲೆ ರಾತ್ರಿ ಎಲ್ಲಿ? ಚಿಕ್ಕಲ್ಲೂರಿನಲ್ಲಿ ಅಷ್ಟು ಜನಕ್ಕೆ ಛತ್ರಗಳಿಲ್ಲ. ವರ್ಷದಲ್ಲಿ ಐದು ದಿನಕ್ಕಾಗಿ ಕಟ್ಟುವುದೂ ಜಾಣತನವಲ್ಲ. ಬಯಲಿನಲ್ಲಿ ನಿಂತ ಟ್ರೇಲರ್ ಆ ಕೊರತೆಯನ್ನು ಸರ್ಕಾರಕ್ಕೆ ಒಂದು ಪೈಸೆಯ ವೆಚ್ಚವಿಲ್ಲದೆ ತುಂಬುತ್ತಿದೆ.

ಆದರೆ ಈ ಎರಡು ಬೇಡಿಕೆಗಳನ್ನು ಬಿಡಿಸಿ ನೋಡಿದರೆ ಪರಿಹಾರವೂ ಕಾಣುತ್ತದೆ. ಟ್ರೇಲರ್ ಮನೆಯಾಗಲಿ, ಬಸ್ಸಾಗುವುದು ಬೇಡ.

ಇದು ಹೊಸ ಕಲ್ಪನೆಯಲ್ಲ. ವಿಹಾರಕ್ಕೆಂದೇ ಮನೆಗಾಡಿ ಕಟ್ಟಿಸಿದ ಮೊದಲಿಗರಲ್ಲಿ ಒಬ್ಬರು ಇಂಗ್ಲೆಂಡಿನ ವಿಲಿಯಂ ಗಾರ್ಡನ್ ಸ್ಟೇಬಲ್ಸ್, ನೌಕಾಪಡೆಯ ನಿವೃತ್ತ ವೈದ್ಯರು. 1885ರ ಅವರ ಗಾಡಿ ‘ವಾಂಡರರ್’ ಅನ್ನು ಎರಡು ಕುದುರೆಗಳು ಎಳೆಯುತ್ತಿದ್ದವು. ಅಮೆರಿಕದ ಡೆಟ್ರಾಯಿಟಿನಲ್ಲಿ ಆರ್ಥರ್ ಶರ್ಮನ್ ಎಂಬ ಸೂಕ್ಷ್ಮಾಣು ವಿಜ್ಞಾನಿ 1929ರ ಸುಮಾರಿಗೆ ತಾವು ಕೊಂಡ ಡೇರೆಗಾಡಿ ಮಳೆಯಲ್ಲಿ ಕೈಕೊಟ್ಟಿತೆಂದು ಬೇಸತ್ತು ತಾವೇ ಒಂದು ಪೆಟ್ಟಿಗೆಯಂಥ ಟ್ರೇಲರನ್ನು ರೂಪಿಸಿದರು. ಅದರಿಂದ ಹುಟ್ಟಿದ ಕಂಪನಿ 1930ರ ದಶಕದ ಮಧ್ಯಭಾಗದಲ್ಲಿ ಆ ಉದ್ಯಮದ ಅಗ್ರಗಣ್ಯವಾಯಿತು. ಅದರ ಹೆಸರು ‘ಕವರ್ಡ್ ವ್ಯಾಗನ್’. ನಮ್ಮ ಮಾತಿನಲ್ಲಿ ಹೇಳಿದರೆ ಕಮಾನುಗಾಡಿ! ಇಷ್ಟು ದೀರ್ಘ ಅನುಭವವಿರುವ ಬ್ರಿಟನ್ನಿನಲ್ಲಿ ಎಳೆದೊಯ್ಯುವ ಮನೆಗಾಡಿಯೊಳಗೆ ಅದು ಚಲಿಸುತ್ತಿರುವಾಗ ಯಾರೂ ಕೂರುವಂತಿಲ್ಲ. ಕುಟುಂಬ ಮುಂದಿನ ಕಾರಿನಲ್ಲಿ, ಮನೆ ಹಿಂದೆ ಖಾಲಿಯಾಗಿ. ನಿಂತ ಮೇಲಷ್ಟೇ ಬಾಗಿಲು ತೆರೆಯುತ್ತದೆ.

ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಹನೂರು ತಾಲ್ಲೂಕಿನಲ್ಲೇ ಇದಕ್ಕೆ ಮಾದರಿಯಿದೆ. ಮಹಾಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಜನ ನಡೆದು ಬರುತ್ತಾರೆ. ಕನಕಪುರದ ಕಡೆಯವರು ಸಂಗಮದ ಬಳಿ ಕಾವೇರಿ ದಾಟಿ ಕಾಡುದಾರಿ ಹಿಡಿಯುತ್ತಾರೆ. ಮಂಡ್ಯ, ಮೈಸೂರು ಕಡೆಯವರು ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೂಲಕ ತಾಳಬೆಟ್ಟಕ್ಕೆ ಬರುತ್ತಾರೆ. ರಸ್ತೆ ಹಿಡಿದು ಬರುವ ತಂಡಗಳ ಜೊತೆ ಒಂದು ಸರಕು ವಾಹನವಿರುತ್ತದೆ. ಅದರಲ್ಲಿ ಪಾತ್ರೆ, ದಿನಸಿ, ಹಾಸಿಗೆಗಳಿರುತ್ತವೆ. ತಂಡ ನಡೆಯುತ್ತದೆ, ವಾಹನ ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ ಒಲೆ ಹೂಡುತ್ತದೆ. ಜನ ಒಂದು ದಾರಿ, ಮನೆ ಇನ್ನೊಂದು ದಾರಿ. ಬ್ರಿಟನ್ನಿನ ಕಾನೂನು ಹೇಳುವುದನ್ನು ಮಾದಪ್ಪನ ಒಕ್ಕಲು ಕಾನೂನಿಲ್ಲದೆಯೇ ಪಾಲಿಸುತ್ತ ಬಂದಿದೆ. ಚಿಕ್ಕಲ್ಲೂರಿನಲ್ಲಿ ನಡಿಗೆಯ ಬದಲು ಬಸ್ಸನ್ನು ಇಟ್ಟುಕೊಂಡರೆ ಸಾಕು.

ಇದಕ್ಕೆ ಆಡಳಿತ ಮಾಡಬೇಕಾದದ್ದು ಹೆಚ್ಚೇನೂ ಅಲ್ಲ. ಆದರೆ ಮೂರು ನಾಲ್ಕು ಇಲಾಖೆಗಳು ಒಂದು ಮೇಜಿನ ಸುತ್ತ ಕೂರಬೇಕು, ಕಷ್ಟವಿರುವುದು ಅಲ್ಲಿ. ಜಾತ್ರೆಗೆ ವಿಶೇಷ ಬಸ್ಸುಗಳು ಓಡುವುದು ಹೊಸದಲ್ಲ. ಅವು ತಾಲ್ಲೂಕು ಕೇಂದ್ರದಿಂದ ಹೊರಡುತ್ತವೆ. ಟ್ರೇಲರ್ ಮನೆಬಾಗಿಲಿನಿಂದ ಹೊರಡುತ್ತದೆ. ಹೆಚ್ಚು ಟ್ರೇಲರುಗಳು ಹೊರಡುವ ಹಳ್ಳಿಗಳಾವುವೆಂದು ಸ್ಥಳೀಯ ಪೊಲೀಸರಿಗೂ ಗ್ರಾಮ ಲೆಕ್ಕಿಗರಿಗೂ ಗೊತ್ತು. ಆ ಹಳ್ಳಿಗಳಿಂದಲೇ, ಹೊರಡುವ ದಿನ ಮತ್ತು ಮರಳುವ ದಿನ, ನೇರವಾಗಿ ಜಾತ್ರೆಯ ಬಯಲಿಗೆ ಬಸ್ಸು ಓಡಿಸಬೇಕು. ಗಂಡಸರು ಟಿಕೆಟು ಕೊಳ್ಳುತ್ತಾರೆ, ಆದ್ದರಿಂದ ನಿಗಮಕ್ಕೆ ಇದು ಶುದ್ಧ ನಷ್ಟದ ಬಾಬತ್ತಲ್ಲ. ಚಾಲಕ ಮತ್ತು ಸಾಮಾನಿನೊಂದಿಗೆ ಮಾತ್ರ ಬರುವ ಟ್ರೇಲರನ್ನು ತನಿಖಾ ಠಾಣೆಯಲ್ಲಿ ಪೀಡಿಸದೆ ಬಿಡಬೇಕು. ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಇದೆಯೇ, ಬ್ರೇಕ್ ಪೆಡಲಿನ ಕೊಂಡಿ ಬಿದ್ದಿದೆಯೇ, ಕೊಕ್ಕೆ ಕಳಚಿದರೂ ಟ್ರೇಲರನ್ನು ಹಿಡಿದಿಡುವ ಸರಪಣಿ ಇದೆಯೇ ಎಂದಷ್ಟು ನೋಡಿದರೆ ಸಾಕು. ಪಟ್ಟಿ ಇಲ್ಲದವರಿಗೆ ದಂಡದ ಚೀಟಿಯ ಬದಲು ಪಟ್ಟಿಯನ್ನೇ ಅಂಟಿಸಿ ಕಳಿಸುವುದು ಅಗ್ಗ.

ಬಯಲಿನ ವ್ಯವಸ್ಥೆ ಹೆಚ್ಚು ಮುಖ್ಯ. ಈಗ ಟ್ರೇಲರುಗಳು ಸಿಕ್ಕಸಿಕ್ಕಲ್ಲಿ, ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಒಣಹುಲ್ಲು, ಟಾರ್ಪಾಲು, ಒಲೆ, ಸಿಲಿಂಡರು ಒಂದೇ ಕಡೆ! ಅಡುಗೆ ಅನಿಲದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅದು ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಚದುರದೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ಸುತ್ತಲೂ ಹಲಗೆಯಿರುವ ಟ್ರೇಲರಿನ ತೊಟ್ಟಿ ಅದಕ್ಕೆ ಹೇಳಿಮಾಡಿಸಿದ ತಗ್ಗು, ಮಕ್ಕಳು ಮಲಗುವುದು ಅಲ್ಲಿಯೇ. ಚಳಿಗೆಂದು ಟಾರ್ಪಾಲು ಇಳಿಬಿಟ್ಟು ಒಳಗೆ ಕೆಂಡದ ಬಾಂಡಲಿ ಇಡುವುದಂತೂ ಹೊಗೆಯೂ ಕಾಣದ, ವಾಸನೆಯೂ ಬಾರದ ವಿಷಾನಿಲವನ್ನು ಆಹ್ವಾನಿಸಿದಂತೆ. ಆದ್ದರಿಂದ ಒಲೆ ಯಾವುದೇ ಇರಲಿ, ನೆಲದ ಮೇಲೆ, ಟ್ರೇಲರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಎಂಬುದು ಬಯಲಿನ ಮೊದಲ ನಿಯಮವಾಗಬೇಕು. ಸಾಲುಗಳ ನಡುವೆ ಅಗ್ನಿಶಾಮಕ ವಾಹನ ನುಗ್ಗುವಷ್ಟು ಓಣಿಯನ್ನು ಸುಣ್ಣದ ಗೆರೆಯಿಂದ ಗುರುತಿಸಲು ಒಂದು ದಿನದ ಕೂಲಿ ಸಾಕು. ನೀರಿನ ತೊಟ್ಟಿ ಮತ್ತು ಹೆಂಗಸರ ಶೌಚಾಲಯ ಸಾಲಿನ ತುದಿಯಲ್ಲೇ ಇರಬೇಕು. ಗದ್ದುಗೆಯ ಹತ್ತಿರ ಕಟ್ಟಿ, ಬಿಡಾರದವರು ಕತ್ತಲೆಯಲ್ಲಿ ಅಷ್ಟು ದೂರ ನಡೆಯಲಿ ಎನ್ನುವುದು ವ್ಯವಸ್ಥೆಯಲ್ಲ. ಶುಲ್ಕ ವಿಧಿಸಬೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶುಲ್ಕವಿಲ್ಲದ ಸೌಲಭ್ಯ ಹಾಳಾಗುತ್ತದೆಂಬುದು ನಾನು ಓದಿದ ಅರ್ಥಶಾಸ್ತ್ರದ ಮಾತು, ಅದರಲ್ಲಿ ಸತ್ಯವಿದೆ. ಆದರೂ ಮೊದಲ ಕೆಲವು ವರ್ಷ ಬೇಡವೆನ್ನುತ್ತೇನೆ. ಜನ ಗೆರೆಯೊಳಗೆ ನಿಲ್ಲುವ ಅಭ್ಯಾಸ ಮಾಡಿಕೊಳ್ಳುವ ಮುನ್ನ ರಸೀದಿ ಪುಸ್ತಕ ಬಂದರೆ ಅವರು ಗೆರೆಯ ಆಚೆಗೇ ನಿಲ್ಲುತ್ತಾರೆ.

ಎಲ್ಲ ಕಡೆಗೂ ಈ ವ್ಯವಸ್ಥೆ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ರಾತ್ರಿ ಬಿಡಾರಕ್ಕೆ, ಒಲೆಗೆ, ಸೌದೆಗೆ ಅವಕಾಶ ಕೊಡುವುದು ತಪ್ಪಾಗುತ್ತದೆ. ಬೇಸಿಗೆಯ ರಥೋತ್ಸವದ ಹೊತ್ತಿಗೆ ಕಾಡು ಒಣಗಿರುತ್ತದೆ. ಟ್ರೇಲರುಗಳು ಗುಂಬಳ್ಳಿಯ ತನಿಖಾ ಠಾಣೆಯ ಈಚೆಗೇ, ಬಯಲು ನಾಡಿನಲ್ಲಿ ನಿಲ್ಲಲಿ. ಭಕ್ತರು ಬಸ್ಸಿನಲ್ಲಿ ಬೆಟ್ಟ ಹತ್ತಿ ಸಂಜೆಯೊಳಗೆ ಇಳಿಯಲಿ. ಮಾದಪ್ಪನ ಬೆಟ್ಟದ ಸುತ್ತಲೂ 2013ರಿಂದ ವನ್ಯಧಾಮವಿದೆ. ಅಲ್ಲಿಯೂ ತಾಳಬೆಟ್ಟದ ಮೇಲಕ್ಕೆ ಟ್ರೇಲರ್ ಏರಬಾರದು. ಬೆಟ್ಟದ ಮೇಲೆ ಪ್ರಾಧಿಕಾರದ ವಸತಿಗೃಹಗಳಿವೆ, ಹೆಚ್ಚೂ ಆಗುತ್ತಿವೆ. ಬುಡದಲ್ಲಿ ನಡೆದು ಬಂದವರಿಗೆ ಬಿಡಾರದ ಬಯಲು ಬೇಕು.

ಪಕ್ಕದ ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ನೀತಿ ಪ್ರಕಟಿಸಿ, ಮಂಚ, ಅಡುಗೆಮನೆ, ಶೌಚಾಲಯಗಳಿರುವ ಐಷಾರಾಮಿ ವಾಹನಗಳನ್ನು ಕೊಳ್ಳುವವರಿಗೆ ಸಹಾಯಧನ ಘೋಷಿಸಿತು, ಅವು ನಿಲ್ಲಲು ಉದ್ಯಾನಗಳನ್ನು ಪ್ರೋತ್ಸಾಹಿಸಿತು. ಅಂಥ ವಾಹನಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ತಾಂತ್ರಿಕ ಮಾನದಂಡವೂ ದೇಶದಲ್ಲಿದೆ. ನಮ್ಮ ರಾಜ್ಯದಲ್ಲೂ ಇಂಥ ಪ್ರವಾಸೋದ್ಯಮದ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದರ ಬಗ್ಗೆ ಆಕ್ಷೇಪವಿಲ್ಲ. ಸಂಚಾರಿ ಮನೆಯೊಂದು ನಿಲ್ಲಲು ಸಮತಟ್ಟು ಜಾಗ, ನೀರು, ಬೆಳಕು, ಶೌಚಾಲಯ ಬೇಕೆಂಬುದನ್ನು ಸರ್ಕಾರಗಳು ಒಪ್ಪಿಕೊಂಡಂತಾಯಿತಲ್ಲ. ಬೆಂಗಳೂರಿನ ಕುಟುಂಬದ ಸಂಚಾರಿ ಮನೆಗೆ ಬೇಕಾದದ್ದು ಮಳವಳ್ಳಿಯ ಕೂಲಿ ಕುಟುಂಬದ ಸಂಚಾರಿ ಮನೆಗೂ ಬೇಕು ಎಂಬುದನ್ನು ಒಪ್ಪಲು ಹೊಸ ನೀತಿಯೇನೂ ಬೇಕಾಗದು. ಜಾತ್ರೆಯ ಪೂರ್ವಸಿದ್ಧತಾ ಸಭೆಯ ನಡಾವಳಿಯಲ್ಲಿ ಒಂದು ಪುಟ ಸಾಕು.

ಆ ಸಭೆ ಸಾಮಾನ್ಯವಾಗಿ ನಡೆಯುವುದು ಜಾತ್ರೆ ತೀರ ಹತ್ತಿರ ಬಂದಾಗ. ಬಸ್ಸಿನ ವೇಳಾಪಟ್ಟಿ ಬದಲಿಸಲು, ಬಯಲಿನ ಮಾಲೀಕರೊಡನೆ ಮಾತಾಡಲು ಆ ಅವಧಿ ಸಾಲದು. ಭತ್ತದ ಕೊಯ್ಲು ಮುಗಿಯುವ ಮೊದಲೇ, ದೀಪಾವಳಿಯ ಆಸುಪಾಸಿನಲ್ಲಿ ಉಪವಿಭಾಗಾಧಿಕಾರಿಗಳು ಅದನ್ನು ಕರೆಯಬೇಕು. ಸಭೆಗೆ ಕರೆಯುವವರ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಮಾಲೀಕರ ಜೊತೆಗೆ, ಕಮಾನು ಬಗ್ಗಿಸಿ ಕೊಡುವ ಬೆಸುಗೆ ಅಂಗಡಿಯವರೂ ಇರಲಿ. ಯಾವ ಟ್ರೇಲರ್ ಯಾವ ಹಳ್ಳಿಯದು, ಯಾವುದರ ಕೊಕ್ಕೆ ಸವೆದಿದೆ, ಯಾವುದರ ಅಚ್ಚು ಬಾಗಿದೆ ಎಂಬುದು ಸಾರಿಗೆ ಕಚೇರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.